ಕೆಸರಿನೊಳಗಿನ ಕೆಟ್ಟ ಗಾಳಿ

ಗಂಗಾವತಿ, ಕಾರಟಗಿ ಕಡೆಯ ಅಕ್ಕಂದಿರಿಗೆ ನೆಲ್ಲಿನ ಗದ್ದೆ ಹೊಸದಲ್ಲ. ನೀವು ನಾಟಿಗೆ ಇಳಿಯುತ್ತೀರಿ. ಕಳೆ ಕೀಳಲು ಇಳಿಯುತ್ತೀರಿ. ಮೊಣಕಾಲಿನ ತನಕ ಕೆಸರು. ಕಾಲು ಊರಿದ ಕಡೆ ಗುಳು ಗುಳು ಎಂದು ಗುಳ್ಳೆ ಏಳುತ್ತವೆ. ಕೆಲವು ಮಡಿಗಳಲ್ಲಿ ಕೊಳೆತ ತತ್ತಿಯ ವಾಸನೆ ಬರುತ್ತದೆ. ಮೂಗು ಮುಚ್ಚಿಕೊಂಡು ಕೆಲಸ ಮುಗಿಸಿ ಬರುತ್ತೀರಿ.

ಇನ್ನೊಂದು ಮಾತು. ಬೆಳ್ಳಿಯ ಕಾಲುಂಗುರ ಹಾಕಿಕೊಂಡು ಅಂಥ ಗದ್ದೆಗೆ ಇಳಿದರೆ ಅದು ಕಪ್ಪಾಗುತ್ತದೆ. ಗೆಜ್ಜೆಯೂ ಕಪ್ಪಾಗುತ್ತದೆ. “ಅಕ್ಕಸಾಲಿ ಬೆರಕಿ ಬೆಳ್ಳಿ ಕೊಟ್ಟಾನ” ಎಂದು ಅವನನ್ನು ಬೈಯುವವರಿದ್ದಾರೆ. ಪಾಪ, ಅವನ ತಪ್ಪಿಲ್ಲ. ಕಪ್ಪು ಮಾಡಿದ್ದು ಕೆಸರಿನೊಳಗಿನ ಗಾಳಿ.

ಆ ಗಾಳಿ ಯಾವುದು? ಎಲ್ಲಿಂದ ಬರುತ್ತದೆ? ಬೆಳೆಗೆ ಅದರಿಂದ ಏನು ಕೇಡು? ಅದನ್ನು ತಡೆಯುವುದು ಹೇಗೆ? ಈ ಪಾಠದಲ್ಲಿ ನೋಡೋಣ.

ಮಣ್ಣು ಉಸಿರಾಡುತ್ತದೆ

ಒಂದು ಹಿಡಿ ಒಣಮಣ್ಣು ತೆಗೆದುಕೊಳ್ಳಿ. ಅದರಲ್ಲಿ ಸಣ್ಣ ಸಣ್ಣ ಸಂದುಗಳಿವೆ. ಸಂದುಗಳಲ್ಲಿ ಗಾಳಿ ಇದೆ. ಆ ಗಾಳಿಯಲ್ಲಿ ಆಮ್ಲಜನಕ ಇದೆ. ನಾವು ಬದುಕಲು ಬೇಕಾದ ಪ್ರಾಣವಾಯು ಅದೇ. ಗಿಡದ ಬೇರಿಗೂ ಅದು ಬೇಕು. ಎರೆಹುಳುವಿಗೂ ಬೇಕು. ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಿಗಳು ಮಣ್ಣಿನಲ್ಲಿವೆ. ಅವುಗಳಲ್ಲಿ ಹೆಚ್ಚಿನವುಗಳಿಗೂ ಅದು ಬೇಕು.

ಈಗ ಆ ಹೊಲಕ್ಕೆ ನೀರು ನಿಲ್ಲಿಸಿದೆವು ಎನ್ನಿ. ಸಂದುಗಳಲ್ಲಿ ನೀರು ತುಂಬುತ್ತದೆ. ಗಾಳಿ ಹೊರಗೆ ಹೋಗುತ್ತದೆ. ನೀರಿನ ಮೂಲಕ ಆಮ್ಲಜನಕ ಕೆಳಗೆ ಇಳಿಯುವುದಿಲ್ಲವೇ? ಇಳಿಯುತ್ತದೆ. ಆದರೆ ಬಹಳ ನಿಧಾನ. ಗಾಳಿಯಲ್ಲಿ ಹರಿದಾಡುವುದಕ್ಕಿಂತ ಸುಮಾರು ೧೦ ಸಾವಿರ ಪಟ್ಟು ನಿಧಾನ. ಮಣ್ಣಿನಲ್ಲಿ ಉಳಿದಿದ್ದ ಆಮ್ಲಜನಕ ಒಂದೆರಡು ದಿನದಲ್ಲಿ ತೀರಿಹೋಗುತ್ತದೆ. ಕೆಸರಿನ ಮೇಲಿನ ತೆಳು ಪದರಕ್ಕೆ ಮಾತ್ರ ಸ್ವಲ್ಪ ಸಿಗುತ್ತದೆ. ಆ ಪದರ ಬೆರಳಿನ ದಪ್ಪವೂ ಇರುವುದಿಲ್ಲ.

ಆಮ್ಲಜನಕ ಮುಗಿದ ಮೇಲೆ ಬೇರೆ ಜಾತಿಯ ಸೂಕ್ಷ್ಮ ಜೀವಿಗಳ ದರ್ಬಾರು ಶುರುವಾಗುತ್ತದೆ. ಇವಕ್ಕೆ ಆಮ್ಲಜನಕ ಬೇಡ. ಮಣ್ಣಿನಲ್ಲಿರುವ ಬೇರೆ ವಸ್ತುಗಳನ್ನು ಹಿಡಿದುಕೊಂಡೇ ಇವು ಬದುಕುತ್ತವೆ. ಮೊದಲು ನೈಟ್ರೇಟ್ ಖಾಲಿಯಾಗುತ್ತದೆ. ಆಮೇಲೆ ಮಣ್ಣಿನ ಕಬ್ಬಿಣದ ಸರದಿ. ಆಮೇಲೆ ಗಂಧಕದ ಸರದಿ. ಗಂಧಕದ ಸರದಿ ಬಂದಾಗ ಕೊಳೆತ ತತ್ತಿಯ ವಾಸನೆ ಏಳುತ್ತದೆ. ಕೊನೆಗೆ ಉಳಿದ ಹುಲ್ಲು, ಕಸ, ಬೇರು ಎಲ್ಲ ಕೊಳೆತು ಇನ್ನೊಂದು ಗಾಳಿ ಹುಟ್ಟುತ್ತದೆ. ಅದು ಉರಿಯುವ ಗಾಳಿ.

ಹೀಗೆ ಎರಡು ಗಾಳಿಗಳಾದವು. ನಾರುವ ಗಾಳಿ, ಉರಿಯುವ ಗಾಳಿ. ನಾರುವ ಗಾಳಿಗೆ ಪುಸ್ತಕದಲ್ಲಿ ‘ಹೈಡ್ರೋಜನ್ ಸಲ್ಫೈಡ್’ ಎನ್ನುತ್ತಾರೆ. ಉರಿಯುವ ಗಾಳಿಗೆ ‘ಮೀಥೇನ್’ ಎನ್ನುತ್ತಾರೆ. ಹೆಸರು ಉದ್ದ. ನಾವು ಈ ಪಾಠದಲ್ಲಿ ನಾರುವ ಗಾಳಿ, ಉರಿಯುವ ಗಾಳಿ ಎಂದೇ ಕರೆಯೋಣ.

ಉರಿಯುವ ಗಾಳಿಗೆ ಬಣ್ಣವಿಲ್ಲ. ವಾಸನೆ ಇಲ್ಲ. ಗೋಬರ್ ಗ್ಯಾಸಿನ ಒಲೆ ಉರಿಯುವುದು ಇದರಿಂದಲೇ. ಗೋಬರ್ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದೇ ಇರುತ್ತದೆ. ಕೆಸರಿನಲ್ಲಿ ಈ ಗಾಳಿ ಇದೆ ಎಂದು ಮೊದಲು ಕಂಡುಕೊಂಡವನು ಇಟಲಿ ದೇಶದ ವೋಲ್ಟಾ. ೧೭೭೬ರಲ್ಲಿ ಅವನು ಒಂದು ದೊಡ್ಡ ಕೆರೆಯ ದಂಡೆಯಲ್ಲಿ ಕೋಲಿನಿಂದ ಕೆಸರು ಕಲಕಿದ. ಎದ್ದ ಗುಳ್ಳೆಗಳನ್ನು ಬಾಟಲಿಯಲ್ಲಿ ಹಿಡಿದ. ಬೆಂಕಿ ತೋರಿಸಿದ. ಅದು ಉರಿಯಿತು. ನಮ್ಮ ಪಂಪ್‌ಸೆಟ್ಟಿಗೆ ‘ವೋಲ್ಟೇಜ್ ಇಲ್ಲ’ ಎಂದು ದಿನಾ ಗೊಣಗುತ್ತೇವಲ್ಲ, ಆ ವೋಲ್ಟ್ ಎಂಬ ಮಾತು ಇವನ ಹೆಸರಿನಿಂದಲೇ ಬಂದದ್ದು.

ಬಾಟಲಿಯಲ್ಲಿ ನೋಡಿ

ಮಣ್ಣಿನ ಒಳಗೆ ನಡೆಯುವುದನ್ನು ಕಣ್ಣಿಂದ ನೋಡಬಹುದು. ಶಾಲೆಯ ಮಕ್ಕಳಿಗೆ ನಾನು ಇದನ್ನು ಮಾಡಿ ತೋರಿಸುತ್ತೇನೆ. ನೀವೂ ಕಲಿಕಾ ಕೇಂದ್ರದಲ್ಲಿ ಮಾಡಿ.

ಒಂದು ಅಗಲ ಬಾಯಿಯ ಗಾಜಿನ ಬಾಟಲಿ ತನ್ನಿ. ಗದ್ದೆಯ ಮಣ್ಣನ್ನು ಅರ್ಧ ತುಂಬಿ. ಒಂದು ಹಿಡಿ ನೆಲ್ಲು ಹುಲ್ಲು ಸಣ್ಣಗೆ ಕತ್ತರಿಸಿ ಕಲೆಸಿ. ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ. ಇಂಥದೇ ಇನ್ನೊಂದು ಬಾಟಲಿಗೆ ಹುಲ್ಲು ಹಾಕಬೇಡಿ. ಬರೀ ಮಣ್ಣು, ನೀರು. ಎರಡನ್ನೂ ನೆರಳಿನಲ್ಲಿ ಬೆಚ್ಚಗೆ ಇಡಿ. ಬಾಯಿಗೆ ಅರಿವೆ ಕಟ್ಟಿ. ಬಿರಡೆ ಬಿಗಿದು ಮುಚ್ಚಬೇಡಿ. ಒಳಗೆ ಗಾಳಿ ಕೂಡಿ ಬಾಟಲಿ ಒಡೆಯಬಹುದು.

ಎರಡು ಮೂರು ವಾರ ಬಿಟ್ಟು ನೋಡಿ. ಮೇಲೆ ತೆಳ್ಳಗೆ ಕಂದು ಪದರ. ಕೆಳಗೆ ಬೂದು ಇಲ್ಲವೇ ಕಪ್ಪು. ಗಾಜಿಗೆ ಅಂಟಿಕೊಂಡು ಗುಳ್ಳೆಗಳು. ಹುಲ್ಲು ಹಾಕಿದ ಬಾಟಲಿಯಲ್ಲಿ ಗುಳ್ಳೆ ಹೆಚ್ಚು. ಕಡ್ಡಿಯಿಂದ ಚುಚ್ಚಿದರೆ ಬುಳಕ್ ಎಂದು ಮೇಲೆ ಬರುತ್ತವೆ. ನಿಮ್ಮ ಗದ್ದೆಯಲ್ಲಿ ನಡೆಯುವುದೂ ಇದೇ.

ಬೇರಿನ ಕಥೆ

ಹಾಗಾದರೆ ನೀರು ನಿಂತ ಕೆಸರಿನಲ್ಲಿ ನೆಲ್ಲು ಹೇಗೆ ಬದುಕುತ್ತದೆ? ಜೋಳವನ್ನು ಅಲ್ಲಿ ಹಾಕಿದರೆ ಕೆಲವೇ ದಿನದಲ್ಲಿ ಹಳದಿಯಾಗಿ ಸಾಯುತ್ತದೆ. ನೆಲ್ಲು ಸಾಯುವುದಿಲ್ಲ.

ನೆಲ್ಲಿನ ದಂಟು ಕತ್ತರಿಸಿ ನೋಡಿ. ಒಳಗೆ ಸಣ್ಣ ಸಣ್ಣ ಪೊಳ್ಳು ಕೊಳವೆಗಳಿವೆ. ಎಲೆಯ ಮೂಲಕ ಹೋದ ಗಾಳಿ ಈ ಕೊಳವೆಗಳಲ್ಲಿ ಇಳಿದು ಬೇರಿಗೆ ಮುಟ್ಟುತ್ತದೆ. ಬೇರಿನಿಂದ ಸ್ವಲ್ಪ ಆಮ್ಲಜನಕ ಸುತ್ತಲಿನ ಕೆಸರಿಗೂ ಸೋರುತ್ತದೆ. ಅಲ್ಲಿರುವ ಕಬ್ಬಿಣದ ಅಂಶ ತುಕ್ಕು ಹಿಡಿದ ಹಾಗೆ ಆಗಿ ಬೇರಿನ ಮೇಲೆ ಕಂದು ಬಣ್ಣದ ಲೇಪ ಕೂಡುತ್ತದೆ. ಈ ಲೇಪ ಬೇರಿಗೆ ಅಂಗಿ ಇದ್ದ ಹಾಗೆ. ಕೆಟ್ಟ ಗಾಳಿಯನ್ನು ಅದು ತಡೆಯುತ್ತದೆ.

ಕೆಸರಿನಲ್ಲಿ ಹುಟ್ಟಿದ ಉರಿಯುವ ಗಾಳಿಯೂ ಬಹುಪಾಲು ಇದೇ ಕೊಳವೆಗಳ ಮೂಲಕ ಮೇಲೆ ಬಂದು ಆಕಾಶಕ್ಕೆ ಸೇರುತ್ತದೆ. ನಾವು ನೋಡುವ ಗುಳ್ಳೆ ಅದರಲ್ಲಿ ಸ್ವಲ್ಪ ಮಾತ್ರ.

ಆದರೆ ಬೇರಿನ ಶಕ್ತಿಗೂ ಒಂದು ಮಿತಿ ಇದೆ. ಹಸಿ ಹುಲ್ಲು ಹೆಚ್ಚು ಮುಗ್ಗಿದೆ. ನೀರು ತಿಂಗಳುಗಟ್ಟಲೆ ಕದಲಿಲ್ಲ. ಬಿಸಿಲು ಜೋರು. ಆಗ ನಾರುವ ಗಾಳಿ ಹೆಚ್ಚಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣದ ಅಂಶ ಸಾಕಷ್ಟು ಇದ್ದರೆ ಅದು ಈ ಗಾಳಿಯನ್ನು ಹಿಡಿದು ಕಟ್ಟಿಹಾಕುತ್ತದೆ. ಕಟ್ಟಿಹಾಕಿದ ಗುರುತೇ ಕಪ್ಪು ಬಣ್ಣ. ಕಬ್ಬಿಣ ಕಡಿಮೆ ಇದ್ದರೆ ಗಾಳಿ ನೇರ ಬೇರಿಗೆ ತಗಲುತ್ತದೆ. ಬೇರು ಕಪ್ಪಾಗುತ್ತದೆ. ಬೇರು ಕೆಟ್ಟ ಮೇಲೆ ಅದು ಗೊಬ್ಬರ ಹೀರುವುದಿಲ್ಲ. ಪೈರು ಹಳದಿ ತಿರುಗುತ್ತದೆ. ತೆಂಡೆ ಒಡೆಯುವುದಿಲ್ಲ. ಜಪಾನ್ ದೇಶದ ನೆಲ್ಲಿನ ಗದ್ದೆಗಳಲ್ಲೂ ಈ ರೋಗ ಇತ್ತು. ಮೊದಲು ಚೆನ್ನಾಗಿ ಬೆಳೆದ ಪೈರು ತೆನೆ ಬರುವ ಹೊತ್ತಿಗೆ ಸೊರಗುತ್ತಿತ್ತು. ಅಲ್ಲಿಯವರು ಅದನ್ನು ‘ಅಕಿಯೋಚಿ’ ಎಂದು ಕರೆದರು.

ನಮ್ಮ ಕಡೆ ಪೈರು ಹಳದಿಯಾದರೆ ಏನು ಮಾಡುತ್ತಾರೆ? ಅಂಗಡಿಗೆ ಹೋಗಿ ಯೂರಿಯಾ ತರುತ್ತಾರೆ. “ಒಂದು ಚೀಲ ಉಗ್ಗಿದ್ರೆ ಹಸರಾಗ್ತೈತಿ ತಗೋ” ಎನ್ನುತ್ತಾರೆ. ಹಸಿರಾಗದಿದ್ದರೆ ಇನ್ನೊಂದು ಚೀಲ. ಬಾಯಿ ಕಟ್ಟಿದವನ ಮುಂದೆ ಎಷ್ಟು ಹೋಳಿಗೆ ಇಟ್ಟರೆ ಏನು ಬಂತು? ಬೇರು ಸತ್ತ ಪೈರಿಗೆ ಯೂರಿಯಾ ಹಾಕುವುದೂ ಹಾಗೆಯೇ. ಸಾಲದ ದುಡ್ಡು ನೀರಿಗೆ ಹೋಗುತ್ತದೆ.

ಅದಕ್ಕೆ ಯೂರಿಯಾ ತರುವ ಮೊದಲು ಒಂದು ಪೈರು ಕೀಳಿ. ಬೇರು ತೊಳೆಯಿರಿ. ನೋಡಿ. ಮೂಸಿ ನೋಡಿ. ತುದಿ ಬಿಳಿ, ಮೇಲೆ ಕಂದು ಇದ್ದರೆ ಬೇರು ಗಟ್ಟಿಯಾಗಿದೆ. ಕಪ್ಪಾಗಿ, ಮೆತ್ತಗಾಗಿ, ತತ್ತಿ ಕೊಳೆತ ವಾಸನೆ ಬಂದರೆ ಕೆಟ್ಟ ಗಾಳಿ ತಗಲಿದೆ. ಒಂದೇ ಕಡೆ ನೋಡಬೇಡಿ. ಮಡಿಯ ನಾಲ್ಕಾರು ಕಡೆ ನೋಡಿ.

ಇಲ್ಲಿ ಒಂದು ಎಚ್ಚರ. ನಮ್ಮದು ಎರಿ ಮಣ್ಣು. ಅದು ಹುಟ್ಟಾ ಕಪ್ಪು. ಮಣ್ಣು ಕಪ್ಪಗಿದೆ ಎಂದ ಮಾತ್ರಕ್ಕೆ ಕೆಟ್ಟ ಗಾಳಿ ಇದೆ ಎಂದಲ್ಲ. ಬೇರಿನ ಬಣ್ಣ ನೋಡಬೇಕು, ವಾಸನೆ ನೋಡಬೇಕು. ಹಾಗೆಯೇ ಬೇರು ಚೆನ್ನಾಗಿದ್ದು, ಎಲೆಯ ಮೇಲೆ ತುಕ್ಕಿನಂಥ ಚುಕ್ಕೆ ಬಿದ್ದಿದ್ದರೆ ಅದು ಸತುವಿನ ಕೊರತೆ ಇರಬಹುದು. ನೀರು ನಿಂತ ಎರಿ ಮಣ್ಣಿನಲ್ಲಿ ಇದೂ ಬರುತ್ತದೆ. ಅದರ ಔಷಧವೇ ಬೇರೆ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಪೈರನ್ನು ಬೇರು ಸಮೇತ ಒಯ್ದು ತೋರಿಸಿ. ಬರೀ ಬಾಯಿಂದ ಹೇಳಿದರೆ ಅವರಿಗೂ ತಿಳಿಯುವುದಿಲ್ಲ.

ಹುಲ್ಲು ಏನು ಮಾಡಬೇಕು?

ಕೆಟ್ಟ ಗಾಳಿಗೆ ಆಹಾರ ಹಸಿ ಹುಲ್ಲು, ಹಸಿ ಕೂಳೆ. ನಮ್ಮಲ್ಲಿ ನೀರು ಸಿಕ್ಕ ವರ್ಷ ಎರಡು ಬೆಳೆ. ಮುಂಗಾರು ಬೆಳೆ ಕೊಯ್ದ ಕೂಡಲೆ ಬೇಸಿಗೆ ಬೆಳೆಗೆ ಅವಸರ. ಈಗ ಕೊಯ್ಯುವುದೂ ಯಂತ್ರ. ಯಂತ್ರ ಹುಲ್ಲನ್ನು ಹೊಲದಲ್ಲೇ ಚೆಲ್ಲಿ ಹೋಗುತ್ತದೆ. ಕೆಲವರು ಬೆಂಕಿ ಹಚ್ಚುತ್ತಾರೆ. ಹೊಗೆ ಊರಿಗೆಲ್ಲ ಕವಿಯುತ್ತದೆ. ಮಣ್ಣಿಗೆ ಸೇರಬೇಕಾದ ಸಾರ ಸುಟ್ಟುಹೋಗುತ್ತದೆ. ಇನ್ನು ಕೆಲವರು ನೀರು ನಿಲ್ಲಿಸಿ, ಹುಲ್ಲನ್ನು ಕೆಸರಿನಲ್ಲೇ ತುಳಿಸಿ, ನಾಲ್ಕೇ ದಿನಕ್ಕೆ ಸಸಿ ಹಚ್ಚುತ್ತಾರೆ. ಎಳೆಯ ಬೇರು ಇನ್ನೂ ಮಣ್ಣು ಹಿಡಿದಿರುವುದಿಲ್ಲ. ಅಷ್ಟರಲ್ಲಿ ಕೆಳಗೆ ಕೊಳೆಯುವ ಕೆಲಸ ಜೋರಾಗಿರುತ್ತದೆ.

ಸುಡುವುದೂ ಬೇಡ, ಹಸಿಯಾಗಿ ಮುಗ್ಗುವುದೂ ಬೇಡ. ದನ ಇದ್ದವರು ಹುಲ್ಲನ್ನು ಬಣವೆ ಒಟ್ಟಿ. ಉಳಿದದ್ದನ್ನು ತಿಪ್ಪೆಗೆ ಹಾಕಿ. ತಿಪ್ಪೆಯಲ್ಲಿ ಚೆನ್ನಾಗಿ ಕಳಿತ ಗೊಬ್ಬರ ಗದ್ದೆಗೆ ಬಂದರೆ ಅದರಿಂದ ಕೆಟ್ಟ ಗಾಳಿ ಬಹಳ ಕಡಿಮೆ. ಕೊಳೆಯುವ ಕೆಲಸ ಹೊರಗೆ ಗಾಳಿಯಲ್ಲೇ ಮುಗಿದಿರುತ್ತದೆ. ಹೊಲದಲ್ಲೇ ಮುಗ್ಗಬೇಕು ಎಂದರೆ ಕೊಯ್ದ ಕೂಡಲೆ ಮಣ್ಣು ಒಣಗಿದ್ದಾಗಲೇ ನೇಗಿಲು ಹೊಡೆಯಿರಿ. ಎರಡು ಮೂರು ವಾರ ಬಿಡಿ. ಆಮೇಲೆ ನೀರು ನಿಲ್ಲಿಸಿ. ಹಸಿರೆಲೆ ಗೊಬ್ಬರ ಹಾಕುವವರೂ ಮುಗ್ಗಿದ ಮರುದಿನವೇ ನಾಟಿ ಮಾಡಬಾರದು. ಹತ್ತು ಹದಿನೈದು ದಿನ ಕಾಯಬೇಕು.

ಗದ್ದೆಯಲ್ಲಿ ನಾರುವ ಗಾಳಿಯ ಲಕ್ಷಣ ಕಂಡರೆ ಅಮೋನಿಯಂ ಸಲ್ಫೇಟ್ ಗೊಬ್ಬರ ಹಾಕಬೇಡಿ. ಅದರಲ್ಲಿ ಗಂಧಕ ಇದೆ. ಗಂಧಕವೇ ನಾರುವ ಗಾಳಿಯ ಮೂಲ.

ನೀರು ಬಸಿಯಿರಿ

ಮೊದಲ ಮದ್ದು ಗಾಳಿ. ಬೇರು ಕಪ್ಪಾಗಿದೆ ಎಂದು ಕಂಡ ಕೂಡಲೆ ನೀರು ಹೊರಗೆ ಬಿಡಿ. ಮಣ್ಣಿನ ಮೇಲೆ ಕೂದಲೆಳೆಯಂಥ ಬಿರುಕು ಕಾಣುವ ತನಕ ಬಿಡಿ. ಮಣ್ಣಿಗೆ ಗಾಳಿ ಆಡುತ್ತದೆ. ನಾರುವ ಗಾಳಿ ಕರಗುತ್ತದೆ. ಹೊಸ ಬಿಳಿ ಬೇರು ಮೂಡುತ್ತದೆ. ಆಮೇಲೆ ನೀರು ಕೊಡಿ. ಮೇಲುಗೊಬ್ಬರ ಹಾಕುವುದಿದ್ದರೆ ಮಣ್ಣು ಆರಿದ್ದಾಗ ಹಾಕಿ, ಕೂಡಲೆ ನೀರು ಹಾಯಿಸಿ.

“ಸರ, ನೀರು ಬಸದ್ರ ನೆಲ್ಲು ಒಣಗ್ತಾವಲ್ರಿ” ಎಂದು ಒಬ್ಬ ಹಿರಿಯರು ಕೇಳಿದರು. ಒಳ್ಳೆಯ ಪ್ರಶ್ನೆ. ನೆಲ್ಲು ನೀರಿನಲ್ಲಿ ಬದುಕಬಲ್ಲದು, ನಿಜ. ಆದರೆ ಬೆಳೆಯ ಉದ್ದಕ್ಕೂ ನೀರು ನಿಂತಿರಲೇಬೇಕು ಎಂದೇನಿಲ್ಲ. ಫಿಲಿಪೈನ್ಸ್ ದೇಶದಲ್ಲಿ ನೆಲ್ಲಿನ ಬಗ್ಗೆಯೇ ಸಂಶೋಧನೆ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಇದೆ. ಅಲ್ಲಿಯವರು ಇದಕ್ಕೆ ಒಂದು ಸುಲಭ ಉಪಾಯ ಹೇಳಿದ್ದಾರೆ. ಅದೇ ತೂತಿನ ಪೈಪು.

ಒಂದು ಅಡಿ ಉದ್ದದ ಪ್ಲಾಸ್ಟಿಕ್ ಪೈಪಿನ ತುಂಡು ತೆಗೆದುಕೊಳ್ಳಿ. ಅಗಲ ನಾಲ್ಕರಿಂದ ಆರು ಇಂಚು. ಪೈಪು ಇಲ್ಲದಿದ್ದರೆ ದಪ್ಪ ಬಿದಿರು ಆದೀತು. ಕೆಳಗಿನ ಎಂಟು ಇಂಚಿಗೆ ಸುತ್ತಲೂ ತೂತು ಹಾಕಿ. ಗದ್ದೆಯ ಬದುವಿನ ಹತ್ತಿರ, ಕೈಗೆ ಸಿಗುವ ಕಡೆ, ತೂತಿನ ಭಾಗ ಮಣ್ಣಿನೊಳಗೆ ಇರುವಂತೆ ಹುಗಿಯಿರಿ. ನಾಲ್ಕು ಇಂಚು ಮೇಲೆ ಕಾಣಬೇಕು. ಪೈಪಿನೊಳಗಿನ ಮಣ್ಣು ತೆಗೆಯಿರಿ. ಮಣ್ಣಿನೊಳಗಿನ ನೀರು ತೂತಿನಿಂದ ಪೈಪಿಗೆ ಬರುತ್ತದೆ. ಬಗ್ಗಿ ನೋಡಿದರೆ ನೀರು ಎಷ್ಟು ಕೆಳಗೆ ಇದೆ ಎಂದು ಕಾಣುತ್ತದೆ.

ನಾಟಿಯಾದ ಮೊದಲ ಎರಡು ವಾರ ಗದ್ದೆಯಲ್ಲಿ ನೀರು ಇರಲಿ. ಆಗ ಕಳೆ ಏಳುವುದಿಲ್ಲ. ಕಳೆ ಹೆಚ್ಚಾದರೆ ಅಕ್ಕಂದಿರ ಬೆನ್ನೇ ಬಗ್ಗಬೇಕಲ್ಲ. ಎರಡು ವಾರದ ಮೇಲೆ ನೀರು ತಾನೇ ಇಳಿಯಲಿ. ಮೇಲೆ ನೀರು ಕಾಣುವುದಿಲ್ಲ. ಹೆದರಬೇಡಿ. ಪೈಪಿನಲ್ಲಿ ನೋಡಿ. ಮಣ್ಣಿನ ಮಟ್ಟದಿಂದ ಆರು ಇಂಚು ಕೆಳಗೆ ಹೋದಾಗ ಮತ್ತೆ ಎರಡು ಇಂಚು ನೀರು ನಿಲ್ಲಿಸಿ. ಮತ್ತೆ ಇಳಿಯಲು ಬಿಡಿ. ತೆನೆ ಹೊರಬಂದು ಹೂ ಬಿಡುವ ಕಾಲಕ್ಕೆ ಮಾತ್ರ ನೀರು ತಪ್ಪಿಸಬೇಡಿ. ಆಗ ಒಣಗಿದರೆ ಕಾಳು ಜೊಳ್ಳಾಗುತ್ತದೆ.

ಹೀಗೆ ಮಾಡಿದರೆ ನಾಲ್ಕರಲ್ಲಿ ಒಂದು ಪಾಲಿನಷ್ಟು ನೀರು ಉಳಿಯಬಹುದು. ಉರಿಯುವ ಗಾಳಿ ಅರ್ಧದಷ್ಟು ಕಡಿಮೆಯಾಗುತ್ತದೆ. ಇಳುವರಿ ಇಳಿಯುವುದಿಲ್ಲ. ಇಷ್ಟನ್ನೂ ಬೇರೆ ಬೇರೆ ದೇಶಗಳ ಗದ್ದೆಗಳಲ್ಲಿ ಅಳೆದು ನೋಡಿದ್ದಾರೆ.

ಎರಿ ಮಣ್ಣಿನವರು ಒಂದು ಮಾತು ನೆನಪಿಡಿ. ಎರಿ ಮಣ್ಣು ಪೂರ್ತಿ ಒಣಗಿದರೆ ದೊಡ್ಡ ಬಿರುಕು ಬಿಡುತ್ತದೆ. ಆಮೇಲೆ ಬಿಟ್ಟ ನೀರೆಲ್ಲ ಬಿರುಕಿನಲ್ಲಿ ಇಳಿದುಹೋಗುತ್ತದೆ. ಕೂದಲೆಳೆಯ ಬಿರುಕು ಕಂಡರೆ ಸಾಕು, ಪೈಪು ಏನೇ ಹೇಳಲಿ ನೀರು ಕೊಡಿ. ಸವಳು ಭೂಮಿಯವರು ಇನ್ನೂ ಹುಷಾರಾಗಿರಬೇಕು. ಸವಳು ಭೂಮಿ ಒಣಗಿದರೆ ಉಪ್ಪು ಮೇಲೆ ಬರುತ್ತದೆ. ಅಂಥ ಗದ್ದೆಗೆ ಈ ಉಪಾಯ ಹೊಂದುವುದಿಲ್ಲ. ಅಲ್ಲಿ ನಿಂತ ನೀರನ್ನು ಬಸಿದು ಹೊಸ ನೀರು ಬಿಡುವುದು, ಬಸಿಗಾಲುವೆ ತೆಗೆಯುವುದು ಮೇಲು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಸವಳು ಭೂಮಿಯ ಮೇಲೆಯೇ ಬಹಳ ವರ್ಷಗಳಿಂದ ಕೆಲಸ ಮಾಡಿದ್ದಾರೆ. ಅವರನ್ನು ಕೇಳಿ.

ಕಾಲುವೆಯ ನೀರಿನ ಮಾತು

ಇದೆಲ್ಲ ಹೇಳುವುದು ಸುಲಭ. ನಮ್ಮ ರೈತರ ಕಷ್ಟ ಬೇರೆ. “ಇವತ್ತು ನೀರು ಬಸದ್ವಿ ಅಂತ ಇಟ್ಕೋರಿ. ನಾಳೆ ಕಾಲುವ್ಯಾಗ ನೀರು ಬರಲಿಲ್ಲಂದ್ರ ಯಾರ ಹತ್ರ ಹೋಗೋಣ?” ಎಂದು ಕೇಳುತ್ತಾರೆ. ನ್ಯಾಯವಾದ ಮಾತು. ನೀರು ಸಿಕ್ಕಾಗ ತುಂಬಿಕೊಳ್ಳಬೇಕು ಎನ್ನುವ ಭಯದಿಂದಲೇ ಗದ್ದೆಗಳು ಕೆರೆಯಾಗುತ್ತವೆ.

ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಆಯಿತು. ಮುನಿರಾಬಾದಿನಿಂದ ಎಡದಂಡೆ ಕಾಲುವೆ ಹೊರಟಿತು. ಅದು ೨೦೦ ಕಿಲೋಮೀಟರಿಗೂ ಹೆಚ್ಚು ಉದ್ದ. ಕೊಪ್ಪಳದ ಹೊಲ ದಾಟಿ ರಾಯಚೂರು ಜಿಲ್ಲೆಗೆ ಹೋಗುತ್ತದೆ. ಮೊದಲು ಹಾಕಿದ ಲೆಕ್ಕ ಎಲ್ಲರಿಗೂ ನೆಲ್ಲು ಎಂದಲ್ಲ. ಹೆಚ್ಚು ಹೊಲಕ್ಕೆ ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಎಂದು. ಆದರೆ ನೀರು ಮೊದಲು ಸಿಗುವ ಕಡೆಯವರು ನೆಲ್ಲು ಹಚ್ಚಿದರು. ನೆಲ್ಲಿಗೆ ದುಡ್ಡು ಬಂತು. ಗಂಗಾವತಿ ಭತ್ತದ ಕಣಜ ಎನಿಸಿತು. ಅಕ್ಕಿ ಗಿರಣಿಗಳು ಬಂದವು. ಸಾವಿರಾರು ಜನರಿಗೆ ಕೂಲಿ ಸಿಕ್ಕಿತು. ಅದೇ ಹೊತ್ತಿಗೆ ಮೇಲಿನವರ ಹೊಲ ಜವಳು ಹಿಡಿಯಿತು. ಕೊನೆಯ ಭಾಗದವರ ಹೊಲ ನೀರು ಕಾಣದೆ ಒಣಗಿತು. ಒಬ್ಬರಿಗೆ ನೀರು ಹೆಚ್ಚಾಗಿ ಕೇಡು, ಇನ್ನೊಬ್ಬರಿಗೆ ನೀರು ಇಲ್ಲದೆ ಕೇಡು.

೨೦೨೪ರ ಆಗಸ್ಟ್ ತಿಂಗಳಲ್ಲಿ ಅಣೆಕಟ್ಟಿನ ೧೯ನೇ ಗೇಟು ಮುರಿದು ಕೊಚ್ಚಿಹೋಯಿತು. ತುಂಬಿದ್ದ ನೀರು ಕಣ್ಣೆದುರೇ ಹೊಳೆಗೆ ಹೋಯಿತು. ಆ ವಾರ ನಮ್ಮ ಊರುಗಳಲ್ಲಿ ಊಟ ಸೇರಿದವರಿಲ್ಲ. ನೀರಿನ ಬೆಲೆ ಏನು ಎಂದು ಆಗ ಎಲ್ಲರಿಗೂ ತಿಳಿಯಿತು.

ಅದಕ್ಕೆ ತೂತಿನ ಪೈಪನ್ನು ಒಬ್ಬರೇ ಹಾಕಿದರೆ ಲಾಭ ಕಡಿಮೆ ಎಂದು ನನಗೆ ಅನ್ನಿಸುತ್ತದೆ. ಒಂದು ತೂಬಿನ ಕೆಳಗಿನ ಎಲ್ಲ ರೈತರೂ ಕೂತು ಮಾತಾಡಬೇಕು. ಇಂಥ ದಿನ ಇವರಿಗೆ, ಇಂಥ ದಿನ ಅವರಿಗೆ ಎಂದು ಪಾಳಿ ಬರೆದಿಡಬೇಕು. ಪಾಳಿ ತಪ್ಪದೆ ಬಂದರೆ ನೀರು ಬಸಿಯಲು ಯಾರೂ ಅಂಜುವುದಿಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಗದ್ದೆಯಿಂದ ಏಳುವ ಉರಿಯುವ ಗಾಳಿ ಭೂಮಿಯ ಬಿಸಿಯನ್ನು ಹೆಚ್ಚಿಸುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಅದು ನಿಜ. ಹಾಗೆಂದು ಎಲ್ಲ ತಪ್ಪನ್ನೂ ನೆಲ್ಲು ಬೆಳೆಯುವವರ ತಲೆಗೆ ಕಟ್ಟುವುದು ಸರಿಯಲ್ಲ. ಕಲ್ಲಿದ್ದಲು, ಎಣ್ಣೆ ಸುಡುವವರ ಪಾಲು ಬಹಳ ದೊಡ್ಡದು. ರೈತನಿಗೆ ತನ್ನ ಬೇರು, ತನ್ನ ನೀರು ಉಳಿದರೆ ಸಾಕು. ಗಾಳಿ ತಾನೇ ಕಡಿಮೆಯಾಗುತ್ತದೆ.

ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಈ ಗಾಳಿಯಿಂದ ಅಪಾಯ ಇದೆಯೇ? ಬಯಲಿನಲ್ಲಿ ಇಲ್ಲ. ಎದ್ದ ಗಾಳಿ ಕೂಡಲೆ ಚದುರಿಹೋಗುತ್ತದೆ. ಅಕ್ಕಂದಿರು ಹೆದರಬೇಕಾಗಿಲ್ಲ.

ಮೀನಿನ ಹೊಂಡ, ಗಾಜಿನ ಪೆಟ್ಟಿಗೆ

ಮೀನು ಸಾಕುವ ಹೊಂಡದ ತಳದಲ್ಲಿಯೂ ಇದೇ ನಡೆಯುತ್ತದೆ. ಉಳಿದ ತಿಂಡಿ, ಮೀನಿನ ಹೊಲಸು, ಎಲೆ ಎಲ್ಲ ತಳಕ್ಕೆ ಕೂಡುತ್ತವೆ. ರಾಡಿ ಕಪ್ಪಾಗುತ್ತದೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ತೆರೆದರೆ ನೀರಿನಲ್ಲಿ ಆಮ್ಲಜನಕ ಸಾಲದು ಎಂದು ತಿಳಿಯಿರಿ. ಅಂಥ ಹೊತ್ತಿನಲ್ಲಿ ತಳ ಕಲಕಬೇಡಿ. ಕೆಳಗಿನ ಕೆಟ್ಟ ಗಾಳಿ ಒಮ್ಮೆಲೆ ಎದ್ದರೆ ಮೀನು ಸಾಯುತ್ತವೆ. ತಿಂಡಿ ನಿಲ್ಲಿಸಿ ಹೊಸ ನೀರು ಬಿಡಿ. ಮೀನು ಹಿಡಿದಾದ ಮೇಲೆ ಹೊಂಡ ಒಣಗಿಸಿ, ಕಪ್ಪು ರಾಡಿ ಎತ್ತಿ ಹೊಲಕ್ಕೆ ಹಾಕಿ. ತಳಕ್ಕೆ ಸುಣ್ಣ ಹರಡಿ, ಆಮೇಲೆ ನೀರು ತುಂಬಿ.

ಪೇಟೆಯಲ್ಲಿ ಕೆಲವರು ಗಾಜಿನ ಪೆಟ್ಟಿಗೆಯಲ್ಲಿ ನೀರಿನ ಗಿಡ ನೆಟ್ಟು ಬಣ್ಣದ ಮೀನು ಸಾಕುತ್ತಾರೆ. ಅಲ್ಲಿಯೂ ತಳದ ಮಣ್ಣು ದಪ್ಪವಾದರೆ ಗುಳ್ಳೆ ಕೂಡುತ್ತವೆ. ಮಣ್ಣು ಎರಡು ಮೂರು ಇಂಚಿಗಿಂತ ದಪ್ಪ ಬೇಡ. ಬೇರು ಬಿಡುವ ಗಿಡ ಹೆಚ್ಚು ನೆಟ್ಟರೆ ಬೇರು ಮಣ್ಣಿಗೆ ಆಮ್ಲಜನಕ ಕೊಡುತ್ತದೆ. ವಾರಕ್ಕೊಮ್ಮೆ ತೆಳು ಕಡ್ಡಿಯಿಂದ ಅಲ್ಲಲ್ಲಿ ಮೆಲ್ಲಗೆ ಚುಚ್ಚಿ, ಗುಳ್ಳೆ ಸ್ವಲ್ಪ ಸ್ವಲ್ಪವೇ ಬಿಡಿಸಬೇಕು.

ಮುಚ್ಚಿದ ಗುಂಡಿಗೆ ಇಳಿಯಬೇಡಿ

ಕುಷ್ಟಗಿ, ಯಲಬುರ್ಗಾದ ಓದುಗರು “ಇದು ನೀರಾವರಿಯವರ ಪಾಠ, ನಮಗೇನು ಸಂಬಂಧ” ಎನ್ನಬಹುದು. ನಿಮಗೂ ಸಂಬಂಧ ಇದೆ. ಇದು ಎಲ್ಲಕ್ಕಿಂತ ದೊಡ್ಡ ಮಾತು.

ನಿಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವಿನ ಬಾಯಿ ತೆಗೆದ ಕೂಡಲೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. “ಕಾವು ಹೋಗ್ಲಿ ತಡೀರಿ” ಎನ್ನುತ್ತಿದ್ದರು. ಕಾಳೂ ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ತೀರಿ, ನಾವು ಉಸಿರು ಬಿಡುವ ಇಂಗಾಲದ ಗಾಳಿ ತುಂಬಿರುತ್ತದೆ. ಅದು ಭಾರ. ತಳದಲ್ಲೇ ಕೂತಿರುತ್ತದೆ. ಇಳಿದವನು ಉಸಿರು ಕಟ್ಟಿ ಬೀಳುತ್ತಾನೆ. ಹಿರಿಯರು ಇದನ್ನು ಪುಸ್ತಕ ಓದದೆ ತಿಳಿದಿದ್ದರು.

ಇಂದು ಹಗೇವು ಕಡಿಮೆ. ಆದರೆ ಹಾಳುಬಾವಿ ಇವೆ. ಗೋಬರ್ ಗ್ಯಾಸಿನ ತೊಟ್ಟಿ ಇವೆ. ಪಾಯಖಾನೆಯ ಗುಂಡಿ ಇವೆ. ಇವುಗಳಲ್ಲಿ ನಾರುವ ಗಾಳಿಯೂ ಇರುತ್ತದೆ, ಉರಿಯುವ ಗಾಳಿಯೂ ಇರುತ್ತದೆ. ಗದ್ದೆಯಲ್ಲಿ ಚದುರಿಹೋಗುವ ಗಾಳಿ ಇಲ್ಲಿ ಕೂಡಿರುತ್ತದೆ. ನಾರುವ ಗಾಳಿ ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಮೂಗು ಸತ್ತುಹೋಗುತ್ತದೆ. “ಈಗ ವಾಸನಿ ಹೋತು, ಇಳೀಬಹುದು” ಎಂದುಕೊಂಡವನು ಒಂದೆರಡು ಉಸಿರಿಗೇ ಬೀಳಬಹುದು.

ಲಾಟೀನು ಇಳಿಬಿಟ್ಟು ನೋಡುವ ರೂಢಿ ಇದೆ. ದೀಪ ಆರಿದರೆ ಆಮ್ಲಜನಕ ಇಲ್ಲ ಎಂದು ತಿಳಿಯುತ್ತದೆ. ಆದರೆ ದೀಪ ಉರಿದರೆ ಅಪಾಯ ಇಲ್ಲ ಎಂದಲ್ಲ. ವಿಷಗಾಳಿ ಇದ್ದರೂ ದೀಪ ಉರಿಯಬಹುದು. ಉರಿಯುವ ಗಾಳಿ ತುಂಬಿದ ಗುಂಡಿಗೆ ದೀಪ ಇಳಿಸಿದರೆ ಗುಂಡಿಯೇ ಸಿಡಿಯುತ್ತದೆ. ಪಾಯಖಾನೆ ಗುಂಡಿ, ಗೋಬರ್ ಗ್ಯಾಸಿನ ತೊಟ್ಟಿಯ ಹತ್ತಿರ ಬೀಡಿಯನ್ನೂ ಹಚ್ಚಬೇಡಿ.

ಪಾಯಖಾನೆಯ ಗುಂಡಿ ತೆಗೆಯಲು ಮನುಷ್ಯರನ್ನು ಇಳಿಸುವಂತಿಲ್ಲ. ೨೦೧೩ರಲ್ಲಿ ಅದಕ್ಕೆ ಕಾಯಿದೆ ಬಂದಿದೆ. ಯಾರಾದರೂ “ಐನೂರು ರೂಪಾಯಿ ಹೆಚ್ಚಿಗಿ ಕೊಡ್ತೀನಿ, ಇಳಿಯೋ ತಮ್ಮಾ” ಎಂದರೆ ಇಳಿಯಬೇಡಿ. ಇಳಿಸಿದವರಿಗೆ ಜೈಲು ಇದೆ. ಗುಂಡಿ ಹೀರುವ ಯಂತ್ರದ ಗಾಡಿ ಕರೆಸಲು ಪಂಚಾಯಿತಿಗೆ, ಪುರಸಭೆಗೆ ಹೇಳಿ.

ಒಬ್ಬ ಒಳಗೆ ಬಿದ್ದ ಎನ್ನಿ. ಅಣ್ಣ ಬಿದ್ದನೆಂದು ತಮ್ಮ ಹಾರುತ್ತಾನೆ. ತಮ್ಮ ಬಿದ್ದನೆಂದು ಅಪ್ಪ ಇಳಿಯುತ್ತಾನೆ. ಒಂದೇ ಮನೆಯ ಎರಡು ಮೂರು ಹೆಣ ಹೀಗೇ ಬೀಳುತ್ತವೆ. ಕರುಳು ಕೇಳುವುದಿಲ್ಲ, ನಿಜ. ಆದರೂ ಇಳಿಯುವವರನ್ನು ಹಿಡಿದು ನಿಲ್ಲಿಸಿ. ಮುಚ್ಚಳ ಪೂರ್ತಿ ತೆಗೆಯಿರಿ. ಬೆಂಕಿ ದೂರ ಇಡಿ. ಒಳಗಿನವರಿಗೆ ಎಚ್ಚರ ಇದ್ದರೆ ಹಗ್ಗ ಬಿಟ್ಟು ಮೇಲಿನಿಂದಲೇ ಎಳೆಯಿರಿ. ಕೂಡಲೆ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುವುದು ಅವರಿಗೆ ಗೊತ್ತಿದೆ. ಅವರ ನಂಬರು ೧೦೧. ಎಲ್ಲ ತುರ್ತಿಗೂ ನಂಬರು ೧೧೨. ಇವತ್ತೇ ಈ ಎರಡು ನಂಬರನ್ನು ನಿಮ್ಮ ಕೈಯಿಂದಲೇ ಬಾಗಿಲ ಹಿಂದೆ ದೊಡ್ಡದಾಗಿ ಬರೆದಿಡಿ.